ಕುಂಕುಮ ಹೊಕ್ಕ ಕಣ್ಣು

ನಾನು ಒಂದು ಮೊಬೈಲ್ ಫೋನು. ಹುಟ್ಟಿದಾಗ ನನಗೆ ಎರಡು ಕಣ್ಣಿದ್ದವು, ಮುಖದ ಮೇಲೊಂದು, ಬೆನ್ನ ಮೇಲೊಂದು. ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನನ್ನು ಎತ್ತಿ ಹಿಡಿದು, ಗೋಡೆಯ ಮೇಲಿನ ಕಪ್ಪುಬಿಳುಪು ಚೌಕಗಳನ್ನು ತೋರಿಸಿದಳು. ಎರಡೂ ಕಣ್ಣಿಗೆ ಚೆನ್ನಾಗಿ ಕಂಡವು. ನಾನು ಅವಳನ್ನೂ ನೋಡಬೇಕೆನ್ನುವಷ್ಟರಲ್ಲಿ ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡಳು.

ನನ್ನ ಮೊದಲ ಒಡೆಯ ರಾಣೆಬೆನ್ನೂರಿನ ಸಂಗಮೇಶ. ಬೀಜದ ಕಂಪನಿಯೊಂದರ ಏಜೆಂಟು. ಯಾರ ಹೊಲಕ್ಕೆ ಹೋದರೂ ಬೆಳೆಗೆ ಬೆನ್ನು ಮಾಡಿ ನಿಂತು ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದ. ಅವನಿಗೆ ನನ್ನ ಮುಂದಿನ ಕಣ್ಣೊಂದೇ ಬೇಕಾಗಿತ್ತು. ಒಂದು ದಿನ ಬೈಕಿನಿಂದ ಬಿದ್ದೆ. ಮುಂದಿನ ಕಣ್ಣು ಅಲ್ಲೇ ಸತ್ತಿತು. ಹಿಂದಿನ ಕಣ್ಣಿನ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ತನ್ನ ಮುಖ ಕಾಣದ ಫೋನು ಸಂಗಮೇಶನಿಗೆ ಬೇಡವಾಯಿತು.

ಹಳೆಯ ಫೋನುಗಳ ಅಂಗಡಿಯಲ್ಲಿ ನನ್ನನ್ನು ಕೊಂಡವಳು ನೀಲಗಂಗಾ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವಳದು ಹೊಲಿಗೆ ಅಂಗಡಿ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು, ಮಾತು ಬಾರದು. ಅವಳ ಮಾತೆಲ್ಲ ಕೈಯಲ್ಲಿ. ಓಣಿಯಲ್ಲಿ ಆ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಪಕ್ಕದ ಬಳೆ ಅಂಗಡಿಯ ಗದಿಗೆವ್ವ ಒಳ್ಳೆಯ ಹೆಂಗಸು. ಆದರೆ ಜೋರಾಗಿ ಕೂಗಿದರೆ ನೀಲಗಂಗಾಳಿಗೆ ಕೇಳಿಸುತ್ತದೆಂದು ಅವಳು ನಂಬಿದ್ದಳು. ಕೂಗಿ ಕೂಗಿ ನನ್ನ ಕಿವಿ ಹೋಗುವುದೊಂದು ಬಾಕಿ.

ಕೈಮಾತು ಬಲ್ಲ ಗೆಳತಿ ಒಬ್ಬಳೇ, ಜುಬೇದಾ. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಬೆಳೆದವರು. ಅವಳು ಮದುವೆಯಾಗಿ ಹೊಸಪೇಟೆ ಸೇರಿದ್ದಳು. ಆ ಮನೆಯಲ್ಲೂ ಅವಳ ಕೈಮಾತು ಬಲ್ಲವರಿಲ್ಲ. ದಿನವಿಡೀ ಸುಮ್ಮನಿದ್ದ ಎರಡು ಜೊತೆ ಕೈಗಳು ಸಂಜೆ ನನ್ನೆದುರಿಗೆ ಬಾಯಿ ಬಿಡುತ್ತಿದ್ದವು.

ಮುಂದಿನ ಕಣ್ಣಿಲ್ಲದ ನನ್ನಿಂದ ವಿಡಿಯೋ ಕಾಲ್ ಹೇಗೆ? ನೀಲಗಂಗಾ ಅದಕ್ಕೊಂದು ದಾರಿ ಕಂಡುಕೊಂಡಿದ್ದಳು. ಗಿರಾಕಿಗಳು ರವಿಕೆ ತೊಟ್ಟು ನೋಡಿಕೊಳ್ಳುವ ಕನ್ನಡಿಯ ಮುಂದೆ ನನ್ನನ್ನು ಓರೆಯಾಗಿ ನಿಲ್ಲಿಸುತ್ತಿದ್ದಳು. ನನ್ನ ಮುಖ ಕನ್ನಡಿಗೆ, ಬೆನ್ನು ಅವಳಿಗೆ. ಬೆನ್ನಿನ ಕಣ್ಣಿಂದ ನಾನು ಅವಳನ್ನು ಜುಬೇದಾಳಿಗೆ ತೋರಿಸುತ್ತಿದ್ದೆ. ನನ್ನ ಮುಖದ ಮೇಲಿನ ಜುಬೇದಾಳನ್ನು ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು. ಬಲಗೈ ಎಡಗೈಯಾಗಿ ಕಾಣುತ್ತಿತ್ತು. ಅದಕ್ಕೂ ಇಬ್ಬರೂ ನಗುತ್ತಿದ್ದರು. ಅವರ ನಗುವಿಗೆ ಮಾತ್ರ ಸದ್ದಿತ್ತು. ಅದನ್ನು ಕೇಳಿದವನು ನಾನೊಬ್ಬನೇ.

ಒಂದು ವರ್ಷ ದಸರೆಯ ಖಂಡೇಪೂಜೆ, ಆಯುಧಗಳ ಪೂಜೆ, ಬಂತು. ನೀಲಗಂಗಾ ಹೊಲಿಗೆಯಂತ್ರ, ಕತ್ತರಿ, ಇಸ್ತ್ರಿಪೆಟ್ಟಿಗೆಗಳನ್ನು ತೊಳೆದು ಒರೆಸಿ ಸಾಲಾಗಿಟ್ಟಳು. ಸಾಲಿನಲ್ಲಿ ಆ ಸಲ ನಾನೂ ಇದ್ದೆ. ಎಲ್ಲಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟಳು. ನನ್ನ ಸರದಿ ಬಂದಾಗ ತುಸು ಯೋಚಿಸಿ, ಎಲ್ಲಕ್ಕಿಂತ ದೊಡ್ಡ ಬೊಟ್ಟನ್ನು ನನ್ನ ಕಣ್ಣಿನ ಮೇಲೆಯೇ ಇಟ್ಟಳು. ಕತ್ತರಿಗೆ ಸಿಗದ ಮರ್ಯಾದೆ ನನಗೆ ಸಿಕ್ಕಿತೆಂದು ಬೀಗಿದೆ. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದಳು. ಬಿರುಕಿನೊಳಗೆ ಕುಂಕುಮದ ನೀರು ಇಳಿಯಿತು.

ಆ ಸಂಜೆ ಬನ್ನಿ. ಪ್ರತಿವರ್ಷ ಇಬ್ಬರೂ ಬನ್ನಿ ಎಲೆ ಹಿಡಿದು ನನ್ನ ಮೂಲಕ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ನೀಲಗಂಗಾ ಎಲೆ ಹಿಡಿದಳು. ಜುಬೇದಾ ಕಣ್ಣು ಕಿರಿದು ಮಾಡಿದಳು. 'ಕೆಂಪು ಬಟ್ಟೆ ಯಾಕೆ ಅಡ್ಡ ಹಿಡಿದೀಯ? ತೆಗಿ.' ಬಟ್ಟೆ ಇರಲಿಲ್ಲ. ನಾನೇ ಮಂಜಾಗಿದ್ದೆ. ಅವಳು ಕಾಣುತ್ತಿದ್ದಳು, ಇವಳು ಕಾಣುತ್ತಿರಲಿಲ್ಲ. ನೀಲಗಂಗಾ ಒಬ್ಬಳೇ ಕೈ ಆಡಿಸುತ್ತ ಆಡಿಸುತ್ತ ನಿಲ್ಲಿಸಿದಳು.

ಆಮೇಲೆ ಬೆರಳಚ್ಚಿನ ಸಂದೇಶಗಳು. 'ಊಟ ಆಯ್ತಾ.' 'ಆಯ್ತು.' ಇಬ್ಬರಿಗೂ ಅಕ್ಷರ ಅಷ್ಟೇ ಬರುತ್ತಿದ್ದದ್ದು. ಅತ್ತೆಯ ನಡಿಗೆಯನ್ನು ಅಣಕಿಸುವುದು ಅಕ್ಷರದಲ್ಲಿ ಹೇಗೆ? ಸಂದೇಶಗಳೂ ಕಡಿಮೆಯಾದವು. ಸಂಜೆಯಾದರೂ ನೀಲಗಂಗಾ ನನ್ನತ್ತ ನೋಡದೆ ಹೊಲಿಯುತ್ತಲೇ ಇರುತ್ತಿದ್ದಳು.

ಗದಿಗೆವ್ವನೇ ಅವಳನ್ನು ಕೊಟ್ರೇಶಿಯ ರಿಪೇರಿ ಅಂಗಡಿಗೆ ಎಳೆದೊಯ್ದಳು. ಅವನು ನನ್ನನ್ನು ಆರಿಸಿ ಹೊತ್ತಿಸಿದ. ಗಾಜು ಒರೆಸಿದ. ಕ್ಯಾಮೆರಾದ ಆಪ್ ತೆಗೆದು ಮತ್ತೆ ಹಾಕಿದ. ಮಂಜು ಹೋಗಲಿಲ್ಲ.

"ನೀರಾಗ ಬಿದ್ದಿತ್ತೇನ್ರಿ?"

"ಇಲ್ಲಪಾ," ಎಂದಳು ಗದಿಗೆವ್ವ, ನೀಲಗಂಗಾಳತ್ತ ತಿರುಗದೆಯೇ. "ಭಾಳ ಜ್ವಾಕಿ ಮಾಡ್ತಾಳ ಆಕಿ."

"ಹಂಗಾರ ರೀಸೆಟ್ ಹೊಡದು ನೋಡೂಣು. ಒಳಗಿಂದು ಎಲ್ಲಾ ಅಳಸಿ ಹೋಗತೈತಿ ಮತ್ತ."

"ಹೋಗ್ಲಿ ತಗಿ. ಏನ್ ಬಂಗಾರ ಇಟ್ಟಾಳಾ ಅದರಾಗ?"

ಇತ್ತು. ಜುಬೇದಾ ಕೈಯಾಡಿಸಿ ನಗುವ ಎಷ್ಟೋ ವಿಡಿಯೋಗಳನ್ನು ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೇಳಲು ನನಗೂ ಬಾಯಿಲ್ಲ. ಕೊಟ್ರೇಶಿಯ ಬೆರಳು ಇಳಿಯುವುದರಲ್ಲಿತ್ತು. ನೀಲಗಂಗಾ ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಏನು ತಿಳಿಯಿತೋ, ಗಬಕ್ಕನೆ ನನ್ನನ್ನು ಕಿತ್ತುಕೊಂಡು ಹೊರಟೇಬಿಟ್ಟಳು.

ಅಂಗಡಿಗೆ ಬಂದವಳೇ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಜುಬೇದಾಳನ್ನು ಕರೆದಳು. ಅವಳಿಗೆ ಮತ್ತೆ ಕೆಂಪು ಮಂಜೇ. ದಿಕ್ಕು ತೋಚದೆ ನೀಲಗಂಗಾ ನನ್ನ ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಜುಬೇದಾಳ ಕೈ ಥಟ್ಟನೆ ಎದ್ದಿತು. 'ಈಗ ಕತ್ತಲಾಯ್ತು! ನೀನೇ ಮುಚ್ಚಿದೆಯಾ? ಹೌದಾದರೆ ಒಮ್ಮೆ ಮುಚ್ಚು. ಅಲ್ಲವಾದರೆ ಎರಡು ಸಲ.'

ಒಮ್ಮೆ ಕತ್ತಲಾಯಿತು.

'ಬಿತ್ತಾ?' ಎರಡು ಸಲ. 'ಬೆಂಕಿಯ ಹತ್ತಿರ ಇಟ್ಟಿದ್ದೆಯಾ?' ಎರಡು ಸಲ. 'ಬನ್ನಿಗೆ ಎರಡು ದಿನ ಮುಂಚೆ ಚೆನ್ನಾಗಿತ್ತು. ಮರುದಿನ ನಿಮ್ಮ ಪೂಜೆ. ಇದಕ್ಕೂ ಪೂಜೆ ಮಾಡಿದೆಯಾ?' ಒಮ್ಮೆ. ಜುಬೇದಾ ತನ್ನ ಹುಬ್ಬಿನ ನಡುವೆ ಬೆರಳಿಟ್ಟು, ಅದೇ ಬೆರಳನ್ನು ತನ್ನ ಫೋನಿನ ಕ್ಯಾಮೆರಾಕ್ಕೆ ತಂದಳು. 'ಇಲ್ಲಿ ಕುಂಕುಮ ಇಟ್ಟೆಯಾ?'

ನೀಲಗಂಗಾ ಮೆಲ್ಲಗೆ ಒಮ್ಮೆ ನನ್ನ ಕಣ್ಣು ಮುಚ್ಚಿದಳು. ತೆಗೆದಾಗ ಕನ್ನಡಿಯಲ್ಲಿ ಜುಬೇದಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. 'ಹುಚ್ಚಿ! ಯಾರಾದರೂ ಕಣ್ಣಿಗೆ ಕುಂಕುಮ ಇಡ್ತಾರಾ?'

ನೀಲಗಂಗಾ ಕುಂಕುಮದ ಭರಣಿ ಹಿಡಿದೇ ಕೊಟ್ರೇಶಿಯ ಬಳಿ ಹೋದಳು. ಬೆರಳು ಅದ್ದಿ ನನ್ನ ಕಣ್ಣು ತೋರಿಸಿದಳು. ಅವನು ನನ್ನ ಬೆನ್ನು ಬಿಚ್ಚಿ, ಒಳಗಿನ ಕೆಂಪು ಒರೆಸಿ, ಹೊಸ ಗಾಜು ಕೂರಿಸಿದ.

"ಮೊದಲ ಹೇಳಬೇಕಿಲ್ಲೇನ್ರಿ ಅಕ್ಕಾರ?"

"ಆಕಿಗೆ ಬಾಯೆಲ್ಲೈತೋ ಹೇಳಾಕ!" ಹಿಂದೆಯೇ ಬಂದಿದ್ದ ಗದಿಗೆವ್ವ ಕೂಗಿದಳು.

ಕೊಟ್ರೇಶಿ ಸ್ಕ್ರೂ ತಿರುಗಿಸುತ್ತಲೇ ಅಂದ, "ನಾನರ ಆಕಿನ್ನ ಎಲ್ಲಿ ಕೇಳಿದೆ ಬೇ. ನಿನ್ನ ಕೇಳಿದೆ."

ಅವತ್ತಿನ ಸಂಜೆ ಹೊಲಿಗೆಯಂತ್ರ ಬೇಗ ನಿಂತಿತು. ಒಣಗಿದ ಬನ್ನಿ ಎಲೆ ಕಡೆಗೂ ಹೊಸಪೇಟೆಗೆ ಕಂಡಿತು.

ಇವೆಲ್ಲ ಹಳೆಯ ಮಾತು. ಈಗ ನನ್ನ ಬ್ಯಾಟರಿ ಊದಿಕೊಂಡಿತೆಂದು ತೆಗೆದುಹಾಕಿದ್ದಾರೆ. ನೀಲಗಂಗಾಳ ಹೊಸ ಫೋನಿಗೆ ಎರಡು ಕಣ್ಣೂ ನೆಟ್ಟಗಿವೆ. ಅವಳು ಕನ್ನಡಿಯ ಹಂಗಿಲ್ಲದೆ ಮುಖ ನೋಡಿಯೇ ಮಾತಾಡುತ್ತಾಳೆ. ಜುಬೇದಾಳ ವಿಡಿಯೋಗಳನ್ನು ಕೊಟ್ರೇಶಿ ಅದಕ್ಕೇ ದಾಟಿಸಿಕೊಟ್ಟಿದ್ದಾನೆ. ನನ್ನೊಳಗೆ ಏನೂ ಇಲ್ಲ. ಗುಂಡಿಗಳ ಡಬ್ಬಿಯಲ್ಲಿ ಮಲಗಿ, ಸಂಜೆ ಅವರಿಬ್ಬರ ನಗುವನ್ನು ಮುಚ್ಚಳದ ಆಚೆಯಿಂದ ಕೇಳಿದಂತೆ ಭಾವಿಸಿಕೊಳ್ಳುತ್ತೇನೆ. ಕೆಲಸ ಮುಗಿದವರನ್ನು ಯಾರೂ ಬೇಕೆಂದು ಮರೆಯುವುದಿಲ್ಲ. ಅವರಿಗೆ ಕೈತುಂಬ ಕೆಲಸ, ಅಷ್ಟೆ.

ಆದರೆ ಖಂಡೇಪೂಜೆಯ ದಿನ ಡಬ್ಬಿಯ ಮುಚ್ಚಳ ತೆರೆಯುತ್ತದೆ. ನನ್ನನ್ನು ಒರೆಸಿ ಕತ್ತರಿಯ ಪಕ್ಕದಲ್ಲಿಡುತ್ತಾಳೆ. ನಾನಿನ್ನೂ ನೆನಪಿದ್ದೇನಾ ಎಂದು ಕೇಳಲು ನನಗೆ ಬಾಯಿಲ್ಲ. ಬಲಗೈಯಲ್ಲಿ ಕುಂಕುಮ ಹಿಡಿದು, ಎಡಗೈ ಹೆಬ್ಬೆರಳಿನಿಂದ ನನ್ನ ಕಣ್ಣನ್ನು ಜೋಪಾನವಾಗಿ ಮುಚ್ಚಿಕೊಂಡು, ಬೊಟ್ಟನ್ನು ಆಚೆಗಿಡುತ್ತಾಳೆ. ಇನ್ನು ಏನನ್ನೂ ಕಾಣದ ಕಣ್ಣು ಅದು. ಅವಳಿಗೂ ಗೊತ್ತು. ಆದರೂ ಮುಚ್ಚುತ್ತಾಳೆ, ಒಂದೇ ಸಲ.

ಒಂದು ಸಲ ಅಂದರೆ ಹೌದು.