ಹಾರ್ಯುಲಾ ಕಟ್ಟಡದ ಗಾಳಿ

ಮಂಗಳವಾರ ಬಂತೆಂದರೆ ವಿಶ್ವವಿದ್ಯಾಲಯದ ನೌಕರರೆಲ್ಲರ ಕಂಪ್ಯೂಟರಿಗೆ ಸೈಲಾ ಬರೆದ ಸುದ್ದಿಪತ್ರ ಬಂದು ಬೀಳುತ್ತಿತ್ತು. ಮೊದಲು ಸುದ್ದಿ: ಯಾರಿಗೆ ಬಡ್ತಿ, ಯಾವ ಊಟದ ಕೋಣೆಗೆ ಬಣ್ಣ. ಆಮೇಲೆ ಖಾಲಿ ಹುದ್ದೆಗಳು. ಎಲ್ಲಕ್ಕಿಂತ ಕೆಳಗೆ ಆರೋಗ್ಯದ ಮಾತು. ಬಡ್ತಿಯ ಸುದ್ದಿಯನ್ನು ಬಡ್ತಿ ಸಿಕ್ಕವರು ಓದುತ್ತಿದ್ದರು, ಹುದ್ದೆಗಳನ್ನು ಕೆಲಸ ಹೋಗುವ ಭಯವಿದ್ದವರು ಓದುತ್ತಿದ್ದರು, ಆರೋಗ್ಯದ ಮಾತನ್ನು ಯಾರೂ ಓದುವುದಿಲ್ಲ ಎಂದೇ ಸೈಲಾ ನಂಬಿದ್ದಳು. ಕುತ್ತಿಗೆ ಹೀಗೆ ತಿರುಗಿಸಿ, ನೀರು ಜಾಸ್ತಿ ಕುಡಿಯಿರಿ, ಮಧ್ಯಾಹ್ನ ಸರೋವರದ ದಂಡೆಯಲ್ಲಿ ಒಂದು ಸುತ್ತು ನಡೆದು ಬನ್ನಿ ಎಂದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಬರೆದು ಕೈತೊಳೆದುಕೊಳ್ಳುತ್ತಿದ್ದಳು.

ಆ ಆಗಸ್ಟಿನಲ್ಲಿ ಹಾರ್ಯುಲಾ ಕಟ್ಟಡದ ವಿದ್ಯಾರ್ಥಿ ಕಚೇರಿಯಲ್ಲಿ ಕಾರ್ಯದರ್ಶಿಯ ಹುದ್ದೆ ಖಾಲಿ ಬಿತ್ತು. ಹೋದ ವರ್ಷವೂ ಬಿದ್ದಿತ್ತು, ಅದರ ಹಿಂದಿನ ವರ್ಷವೂ. ಸೈಲಾ ಹಳೆಯ ಜಾಹೀರಾತನ್ನೇ ತೆಗೆದು ತಾರೀಕು ಬದಲಾಯಿಸಿದಳು. ಬದಲಾಯಿಸುತ್ತಿದ್ದ ಹಾಗೆ ಗೆಳತಿ ಇಲ್ತಾಳ ನೆನಪಾಗಿ ಫೋನ್ ಮಾಡಿದಳು.

ಇಲ್ತಾ ಹತ್ತಾರು ವರ್ಷ ಗ್ರಂಥಾಲಯದಲ್ಲಿ ತುಂಡು ತುಂಡಾಗಿ ದುಡಿದವಳು. ಆರು ತಿಂಗಳ ಕರಾರು, ಮತ್ತೆ ನಾಲ್ಕು ತಿಂಗಳ ಕರಾರು. ವಸಂತದಲ್ಲಿ ಗ್ರಂಥಾಲಯದವರು ಜನ ಕಡಿಮೆ ಮಾಡಿದಾಗ ಅದೂ ಕೈಬಿಟ್ಟಿತ್ತು.

"ಕಾಯಂ ಕೆಲಸ ಕಣೇ. ಇವತ್ತೇ ಅರ್ಜಿ ಹಾಕು," ಎಂದಳು ಸೈಲಾ.

"ಕಾಯಮ್ಮಾ? ಈ ಊರಲ್ಲಿ ಕಾಯಂ ಅಂತಿರೋದು ಚಳಿ ಒಂದೇ ಅಂದ್ಕೊಂಡಿದ್ದೆ," ಎಂದು ಇಲ್ತಾ ನಕ್ಕಳು. ಅವಳ ನಗು ಫೋನಿನಲ್ಲೂ ಗಂಟೆ ಹೊಡೆದಂತೆ ಕೇಳಿಸುತ್ತಿತ್ತು. ಚರ್ಚಿನ ಗಾಯನ ತಂಡದಲ್ಲಿ ಎಲ್ಲರಿಗಿಂತ ಮೇಲಿನ ದನಿ ಅವಳದು.

ಕೆಲಸ ಸಿಕ್ಕಿತು. ಇಲ್ತಾ ಏಲಕ್ಕಿ ಬನ್ನು ಸುಟ್ಟು ಒಂದು ತಟ್ಟೆ ತುಂಬ ತಂದು ಸೈಲಾಳ ಮೇಜಿನ ಮೇಲಿಟ್ಟು ಹೋದಳು.

ಅಕ್ಟೋಬರಿನಲ್ಲಿ ಒಂದು ದಿನ ಸುದ್ದಿ ವಿಭಾಗದ ಮುಖ್ಯಸ್ಥ ಆಂತೆರೊ ಸೈಲಾಳ ಬಾಗಿಲಲ್ಲಿ ನಿಂತು, "ಹಾರ್ಯುಲಾದವರಿಗೆ ಗಂಟಲು ಕಟ್ತಿದೆಯಂತೆ. ದನಿ ಕಾಪಾಡ್ಕೊಳ್ಳೋದು ಹೇಗೆ ಅಂತ ಈ ವಾರ ಏನಾದ್ರೂ ಹಾಕಿಬಿಡಿ," ಎಂದ.

"ಯಾಕಂತೆ ಕಟ್ತಿರೋದು?"

"ಶರತ್ಕಾಲ ಅಲ್ವಾ. ಎಲ್ಲರಿಗೂ ಏನೋ ಒಂದು ಕಟ್ಟುತ್ತೆ." ಸಾವೊ ಸೀಮೆಯವರ ಬಾಯಿಂದ ನೆಟ್ಟಗಿನ ಉತ್ತರ ಹೊರಡುವುದು ಅಪರೂಪ. ಆಂತೆರೊ ಅಲ್ಲೇ ಹುಟ್ಟಿ ಬೆಳೆದವನು.

ಸೈಲಾ ಬರೆದಳು. ಒಂದು ಲೋಟ ನೀರಿನಲ್ಲಿ ಗಾಜಿನ ಕೊಳವೆ ಅದ್ದಿ, ಅದರೊಳಗೆ ಮೆಲ್ಲಗೆ 'ಊ' ಎಂದು ಊದಿ, ನೀರಿನಲ್ಲಿ ಗುಳ್ಳೆ ಏಳಲಿ, ದನಿಯ ಆಯಾಸ ಇಳಿಯುತ್ತದೆ ಎಂದು. ದನಿ ಚಿಕಿತ್ಸೆಯವರು ಹೇಳಿಕೊಡುವುದು ಅದನ್ನೇ. ಸುಳ್ಳೇನಲ್ಲ.

ಆ ಶನಿವಾರ ಇಲ್ತಾ ಸೌನಾದ ಹಬೆಸ್ನಾನಕ್ಕೆ ಬಂದಳು. ಇಬ್ಬರೂ ವರ್ಷಗಳಿಂದ ಶನಿವಾರ ಸಂಜೆ ಸೈಲಾಳ ವಠಾರದ ಸೌನಾದಲ್ಲಿ ಮೇಲಿನ ಹಲಗೆಯ ಮೇಲೆ ಒಟ್ಟಿಗೆ ಕೂರುತ್ತಿದ್ದರು. ಸೈಲಾ ಕಾದ ಕಲ್ಲಿನ ಮೇಲೆ ನೀರು ಸುರಿದಳು. ಹಬೆ ಭುಸ್ಸೆಂದು ಎದ್ದು ಇಬ್ಬರನ್ನೂ ಮುಚ್ಚಿತು. ಆಗ ಒಂದು ವಾಸನೆ ಬಂತು. ನೆಲಮಾಳಿಗೆಯಲ್ಲಿ ಚಳಿಗಾಲ ಕಳೆದ ಆಲೂಗಡ್ಡೆಯ ಚೀಲ ಬಿಚ್ಚಿದರೆ ಬರುವಂಥ ಮಣ್ಣುಮಣ್ಣು ವಾಸನೆ. ಸೈಲಾ ಅತ್ತಿತ್ತ ನೋಡಿದಳು. ಹಲಗೆ ಮೂಸಿದಳು. ಇಲ್ತಾ ತಲೆಗೂದಲು ಬಿಚ್ಚಿ ಹರವಿದಾಗ ಗೊತ್ತಾಯಿತು. ವಾಸನೆ ಬರುತ್ತಿದ್ದುದು ಅವಳ ಕೂದಲಿನಿಂದ.

"ಇಲ್ತಾ, ತಲೆಗೆ ಏನು ಹಚ್ಕೊಂಡಿದ್ದೀಯೇ?"

"ಯಾವಾಗ್ಲೂ ಹಾಕೋ ಶಾಂಪೂನೇ. ಯಾಕೆ?" ದನಿ ಒಡೆದಿತ್ತು. ಕೆಮ್ಮಿ ಸರಿ ಮಾಡಿಕೊಂಡಳು. "ನಿನ್ನ ಕೊಳವೆ ಊದ್ತಿದ್ದೀನಿ ಕಣೇ, ದಿನಾ ಬೆಳಿಗ್ಗೆ. ಆಫೀಸಲ್ಲಿ ಎಲ್ಲರೂ ಊದ್ತಾರೆ. ಕಾಫಿ ಹೊತ್ತಲ್ಲಿ ಬಂದು ನೋಡು, ಕೊಳದಲ್ಲಿ ಬಾತುಕೋಳಿ ಮುಳುಗಿದ ಹಾಗಿರುತ್ತೆ."

ಸೈಲಾ ನಗಲಿಲ್ಲ. ಮರುವಾರ ಏನೋ ನೆಪ ಮಾಡಿಕೊಂಡು ಹಾರ್ಯುಲಾಕ್ಕೆ ಹೋದಳು. ಅವಳ ಕಚೇರಿ ಇದ್ದದ್ದು ಬೆಟ್ಟದ ಮೇಲಿನ ಕಟ್ಟಡದಲ್ಲಿ. ಹಾರ್ಯುಲಾ ಕೆಳಗೆ, ಹಿಂದೆ ಜೌಗು ಇದ್ದ ಜಾಗದಲ್ಲಿ. ಸೈಲಾ ಅಲ್ಲಿಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಬಾಗಿಲು ತೆರೆದೊಡನೆ ಸೌನಾದಲ್ಲಿ ಬಡಿದ ವಾಸನೆಯೇ ಮೂಗಿಗೆ ಬಡಿಯಿತು. ಒಳಗೆ ಯಾರಿಗೂ ಅದರ ಪರಿವೆ ಇದ್ದಂತೆ ಕಾಣಲಿಲ್ಲ. ಇಲ್ತಾಳ ಕೋಣೆ ಕೆಳ ಅಂತಸ್ತಿನ ಕೊನೆಗೆ. ಕಿಟಕಿಯ ಕೆಳಗಿನ ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿತ್ತು. ಅಲ್ಲಿ ಅಂಗೈ ಇಟ್ಟರೆ ಬಣ್ಣದ ಹಿಂದೆ ಮೆತ್ತಗೆ, ತಣ್ಣಗೆ, ಯಾವುದೋ ಪ್ರಾಣಿಯ ಮೂತಿ ಮುಟ್ಟಿದ ಹಾಗಿತ್ತು. ಸೈಲಾ ಥಟ್ಟನೆ ಕೈ ತೆಗೆದುಕೊಂಡಳು.

"ಇಲ್ಲಿ ಮುಂಚೆ ಯಾರಿದ್ರು?"

"ಹಿಲ್ಲೆವಿ ಅಂತ. ನರಗಳ ತೊಂದ್ರೆ ಇತ್ತಂತೆ ಪಾಪ. ತಾನಾಗೇ ಬಿಟ್ಟು ಹೋದಳಂತೆ," ಎಂದಳು ಇಲ್ತಾ. ಅವಳ ಕಣ್ಣಂಚು ಕೆಂಪಾಗಿತ್ತು.

ಹಿಲ್ಲೆವಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಾಚೆ ಸ್ಪ್ರೂಸ್ ಕಾಡಿನಂಚಿನಲ್ಲಿ ತನ್ನ ಅಣ್ಣನ ಬೇಸಿಗೆ ಮನೆಯಲ್ಲಿದ್ದಳು. ಮೊದಲೇ ಫೋನ್ ಮಾಡಿ ಹೋಗಿದ್ದ ಸೈಲಾ ಕಾರಿನಿಂದ ಇಳಿದು ಅಂಗಳ ದಾಟುತ್ತಿದ್ದಂತೆ ಆಕೆ ಜಗಲಿಯಿಂದಲೇ ಕೈ ಎತ್ತಿ ತಡೆದಳು.

"ಅಲ್ಲೇ ನಿಂತ್ಕೊಳ್ಳಿ. ಆ ಕೋಟು ಹಾಕ್ಕೊಂಡು ಹಾರ್ಯುಲಾಕ್ಕೆ ಹೋಗಿದ್ರಾ?"

"ಹೋಗಿದ್ದೆ."

"ಹಾಗಾದ್ರೆ ಹತ್ರ ಬರ್ಬೇಡಿ. ಬೇಜಾರು ಮಾಡ್ಕೋಬೇಡಿ. ಆ ಗೋಡೆಗಳ ಬೂಷ್ಟು ಬಟ್ಟೆ ಜೊತೆ ಬರುತ್ತೆ."

ಹಿಮ ಬೀಳುವ ದಿನಗಳು. ಆದರೂ ಆ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಒಳಗೆ ಒಂದು ಪರದೆಯಿಲ್ಲ, ಸೋಫಾ ಇಲ್ಲ, ಒಂದು ಪುಸ್ತಕವಿಲ್ಲ. ಕಬ್ಬಿಣದ ಮಂಚ, ಮರದ ಕುರ್ಚಿ, ಅಷ್ಟೇ.

"ಮೊದಲು ಗಂಟಲು," ಹಿಲ್ಲೆವಿ ಅಂಗಳದ ಈ ತುದಿಗೆ ಕೇಳಿಸಲೆಂದು ಕಷ್ಟಪಟ್ಟು ಗಟ್ಟಿಯಾಗಿ ಹೇಳಿದಳು. "ಆಮೇಲೆ ಕಣ್ಣು. ಆಮೇಲೆ ಒಂದೊಂದೇ ಕಟ್ಟಡ ಕೈಬಿಡುತ್ತೆ. ಲೈಬ್ರರಿಗೆ ಹೋದ್ರೆ ಉಸಿರು ಕಟ್ಟುತ್ತೆ, ಅಂಗಡಿಗೆ ಹೋದ್ರೆ ಕಟ್ಟುತ್ತೆ, ತಂಗಿ ಮನೆಗೆ ಹೋದ್ರೂ ಕಟ್ಟುತ್ತೆ. ಡಾಕ್ಟ್ರು ನಡೀರಿ ಅಂದ್ರು, ನಡೆದೆ. ಧ್ಯಾನ ಮಾಡಿ ಅಂದ್ರು, ಮಾಡಿದೆ. ಸುದ್ದಿಪತ್ರದಲ್ಲಿ ನೀವು ಬರೆದಿದ್ದೂ ಎಲ್ಲಾ ಮಾಡಿದ್ದೀನಿ. ನನ್ನ ಮದುವೆ ಫೋಟೊಗಳು ಆ ಶೆಡ್ಡಲ್ಲಿವೆ. ಪ್ಲಾಸ್ಟಿಕ್ ಚೀಲದೊಳಗಿಟ್ಟೇ ನೋಡ್ಬೇಕು."

"ಅಧಿಕಾರಿಗಳಿಗೆ ಹೇಳ್ಲಿಲ್ವಾ?"

"ಹೇಳಿದ್ನಲ್ಲ. ಗಾಳಿ ಪರೀಕ್ಷೆ ಮಾಡಿಸಿದ್ರು. ಜುಲೈ ತಿಂಗಳಲ್ಲಿ, ಯಾರೂ ಇಲ್ಲದಾಗ, ಕಿಟಕಿ ತೆಗೆದು." ಆಕೆ ಉಸಿರು ಎಳೆದುಕೊಳ್ಳಲು ನಿಂತಳು. "ಈಗಿರೋಳಿಗೆ ಹೇಳಿ, ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ."

ಸೈಲಾ ಅಲ್ಲಿಂದ ನೇರ ಇಲ್ತಾಳ ಮನೆಗೆ ಹೋದಳು. ಅಡುಗೆಮನೆಯಲ್ಲಿ ಇಲ್ತಾ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಸೈಲಾ ಕಂಡದ್ದು, ಕೇಳಿದ್ದು ಎಲ್ಲ ಹೇಳಿದಳು. ಇಲ್ತಾ ಬೆಣ್ಣೆ ಸವರುವುದನ್ನು ನಿಲ್ಲಿಸಲೇ ಇಲ್ಲ. ಬ್ರೆಡ್ಡಿನ ಮೂಲೆ ಮೂಲೆಗೂ ಸವರಿದಳು.

"ನೀನೇ ಅಲ್ವೇನೇ ಅರ್ಜಿ ಹಾಕು ಅಂದಿದ್ದು?"

"ಹೌದು. ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತು ಅಂತ ಬಿಟ್ಟುಬಿಡ್ಲಾ? ಇಷ್ಟು ವರ್ಷ ಆದ್ಮೇಲೆ ನನ್ನ ಹೆಸರು ಒಂದು ಬಾಗಿಲ ಮೇಲೆ ಬಂದಿದೆ. ಬಾಗಿಲ ಮೇಲೆ ಹೆಸರು ಇರೋರಿಗೆ ಅದು ಏನು ಅಂತ ಗೊತ್ತಾಗಲ್ಲ ಬಿಡು." ಕೆಮ್ಮು ಬಂತು. ಚಾಕು ಕೆಳಗಿಟ್ಟು ಮೇಜು ಹಿಡಿದು ಕೆಮ್ಮಿದಳು. "ನನ್ನ ವಯಸ್ಸಲ್ಲಿ ಎಲ್ಲರ ದನೀನೂ ಒಡೆಯುತ್ತೆ. ನೀನು ಮನೆಗೆ ಹೋಗು ಸೈಲಾ."

ಆಮೇಲಿನ ಶನಿವಾರಗಳಲ್ಲಿ ಸೈಲಾ ಸೌನಾದಲ್ಲಿ ಒಬ್ಬಳೇ ಕೂತಳು.

ಆಂತೆರೊನ ಬಳಿಗೂ ಹೋದಳು. ಅವನು ಎದ್ದು ಬಾಗಿಲು ಮುಚ್ಚಿದ.

"ಸುದ್ದಿಯಲ್ಲಿ ಹಾಕೋ ಹಾಗಿಲ್ಲ. ಹಾರ್ಯುಲಾ ಮುಚ್ಚಿದ್ರೆ ಇನ್ನೂರು ಜನರನ್ನ ಎಲ್ಲಿ ಕೂರಿಸೋಣ? ಮೇಲಿನವರಿಗೆ ಗೊತ್ತಿದೆ. ನೋಡ್ತಿದ್ದಾರೆ."

"ಎಷ್ಟು ದಿನದಿಂದ ನೋಡ್ತಿದ್ದಾರೆ?"

ಅವನು ಕಿಟಕಿಯಾಚೆ ನೋಡಿದ. "ಸೈಲಾ, ನೀವು ಜನರಿಗೆ ಧೈರ್ಯ ಬರೋ ಹಾಗೆ ಬರೀತೀರ. ಅದನ್ನೇ ಬರೀರಿ."

ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ ಬರುವ ಆಡ್ವೆಂಟಿನ ಮೊದಲ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸೈಲಾ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತಳು. ಮೇಲಿನ ಗಾಯಕರ ಸಾಲಿನಲ್ಲಿ ಇಲ್ತಾ ಕಾಣುತ್ತಿದ್ದಳು, ಹಳೆಯ ನೀಲಿ ಉಡುಪಿನಲ್ಲಿ, ಮೊದಲಿಗಿಂತ ಸಣ್ಣಗಾಗಿ. ಎಲ್ಲರೂ ನಿಲ್ಲಿಸಿದ ಮೇಲೆ ಅವಳೊಬ್ಬಳೇ ಮೇಲಕ್ಕೆ ಒಯ್ಯಬೇಕಾದ ಸಾಲು ಬಂತು. ಇಲ್ತಾ ಬಾಯಿ ತೆರೆದಳು. ಬರೀ ಗಾಳಿ ಬಂತು. ಮುಚ್ಚಿ, ಮತ್ತೆ ತೆರೆದಳು. ಒಣಗಿದ ಬಾಗಿಲು ಕಿರುಗುಟ್ಟಿದಂಥ ಸದ್ದೊಂದು ಬಂದು ನಿಂತುಹೋಯಿತು. ಆರ್ಗನ್ ನುಡಿಸುವವನು ಮತ್ತೊಮ್ಮೆ ಅದೇ ಸಾಲು ಹಿಡಿದು ಕೊಟ್ಟ. ಇಲ್ತಾ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮರದ ಮೆಟ್ಟಿಲಿಳಿದು ಹೋದಳು. ಅವಳ ಹೆಜ್ಜೆಯ ಸದ್ದು ಇಡೀ ಚರ್ಚಿಗೆ ಕೇಳಿಸಿತು.

ಹೊರಗೆ ಹಿಮದಲ್ಲಿ ಕೋಟೂ ಇಲ್ಲದೆ ನಿಂತಿದ್ದಳು. ಸೈಲಾ ತನ್ನ ಕೋಟು ಬಿಚ್ಚಿ ಹೊದಿಸಿದಳು.

"ಹೋಯ್ತು ಕಣೇ," ಎಂದಳು ಇಲ್ತಾ. ಅದೂ ಪಿಸುಮಾತಿನಲ್ಲೇ.

ಸೈಲಾ ಸೋಮವಾರ ಸುದ್ದಿಪತ್ರ ಸಿದ್ಧ ಮಾಡಿದಳು. ಆಂತೆರೊ ಮೇಲಿನ ಭಾಗ ನೋಡಿ ಒಪ್ಪಿಗೆ ಕೊಟ್ಟ. ಆರೋಗ್ಯದ ಮಾತಿನವರೆಗೆ ಅವನು ಎಂದೂ ಇಳಿದವನಲ್ಲ. ಅಲ್ಲಿ ಸೈಲಾ ಈ ಸಲ ಯಾವ ವ್ಯಾಯಾಮವನ್ನೂ ಬರೆದಿರಲಿಲ್ಲ. "ಯಾವ ಕಟ್ಟಡದಲ್ಲಿ ಕೂತರೆ ನಿಮ್ಮ ಗಂಟಲು ಕಟ್ಟುತ್ತದೆ? ಮನೆಗೆ ಹೋದರೆ ಬಿಡುತ್ತದೆಯೇ? ಹಾರ್ಯುಲಾದ ಒಬ್ಬರಿಗೆ ದನಿ ಹೋಗಿದೆ. ಅವರಿಗಿಂತ ಮುಂಚೆ ಅಲ್ಲಿದ್ದವರು ಈಗ ಯಾವ ಮನೆಯೊಳಗೂ ಇರಲಾರದೆ ಕಾಡಿನಂಚಿನಲ್ಲಿದ್ದಾರೆ. ನಿಮಗೇನಾಗಿದೆ ಎಂದು ನನಗೆ ಬರೆಯಿರಿ," ಎಂದು ಬರೆದು ತನ್ನ ಪೂರ್ತಿ ಹೆಸರು ಹಾಕಿದ್ದಳು.

ಮಂಗಳವಾರ ಬೆಳಿಗ್ಗೆ ಪತ್ರ ಹೋಯಿತು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಯಾರೂ ಓದುವುದಿಲ್ಲ ಎಂದುಕೊಂಡದ್ದೇ ನಿಜ ಎನ್ನಿಸಿತು. ಆಮೇಲೆ ಒಂದು ಬಂತು, ಹಾರ್ಯುಲಾದ ಎರಡನೇ ಅಂತಸ್ತಿನಿಂದ. ಇನ್ನೊಂದು, ಮತ್ತೊಂದು. ಊಟಕ್ಕೆ ಏಳುವ ಹೊತ್ತಿಗೆ ಹಾರ್ಯುಲಾದಿಂದ ಬರುವುದು ಕಮ್ಮಿಯಾಗಿ ಬೇರೆ ಕಡೆಯವು ಶುರುವಾದವು. ರಸಾಯನಶಾಸ್ತ್ರದ ನೆಲಮಾಳಿಗೆಯಿಂದ ಬಂದವು. ಗ್ರಂಥಾಲಯದ ಹಿಂಬದಿಯಿಂದ ಬಂದವು. ಹೋದ ವರ್ಷವಷ್ಟೇ ರಿಬ್ಬನ್ ಕತ್ತರಿಸಿ ತೆರೆದಿದ್ದ, ಸೈಲಾ ತಾನೇ ಹೊಗಳಿ ಸುದ್ದಿ ಬರೆದಿದ್ದ ಕಟ್ಟಡದಿಂದಲೂ ಬಂದವು. "ಇದು ನನಗೊಬ್ಬಳಿಗೇ ಎಂದುಕೊಂಡಿದ್ದೆ" ಎಂಬ ಮಾತು ಎಷ್ಟೋ ಪತ್ರಗಳಲ್ಲಿತ್ತು. ಸೈಲಾ ಒಂದೊಂದನ್ನೂ ತೆರೆದು ಓದುತ್ತ ಹೋದಳು.

ಆಂತೆರೊ ಕೆಂಪಗಾಗಿ ಬಂದ. "ಏನು ಮಾಡಿದ್ರಿ ನೀವು? ಮೇಲಿಂದ ಫೋನ್ ಮೇಲೆ ಫೋನ್..."

"ಕೂತ್ಕೊಳ್ಳಿ. ಓದಿ," ಎಂದಳು.

ಅವನು ನಿಂತೇ ಓದಿದ. ಓದುತ್ತ ಓದುತ್ತ ಕುರ್ಚಿ ಎಳೆದು ಕೂತ. ಹೊಸ ಕಟ್ಟಡದ ಪತ್ರಗಳು ಬಂದಾಗ ಒಂದನ್ನು ಎರಡು ಸಲ ಓದಿದ. "ಇದು ನನ್ನ ಹೆಂಡತಿ ಕೂರೋ ಅಂತಸ್ತು," ಎಂದ, ಸೈಲಾಳಿಗೆ ಹೇಳಿದಂತೆಯೂ ಅಲ್ಲ.

ಸುದ್ದಿಪತ್ರವನ್ನು ಸೈಲಾಳ ಕೈಯಿಂದ ತೆಗೆದುಕೊಂಡರು. ಅವಳಿಗೆ ಸಮ್ಮೇಳನಗಳ ಫಲಕ ಬರೆಯುವ ಕೆಲಸ ಕೊಟ್ಟರು. ಆದರೆ ಊರಿನ ಪತ್ರಿಕೆಯವರಿಗೆ ವಿಷಯ ಗೊತ್ತಾಗಿ, ಅಧಿಕಾರಿಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಫೆಬ್ರುವರಿಗೆ ಹಾರ್ಯುಲಾಕ್ಕೆ ಬೀಗ ಬಿತ್ತು. ಇಲ್ತಾಳ ಕೋಣೆಯ ಗೋಡೆ ಒಡೆದಾಗ ಒಳಗೆ ಕಂಡದ್ದನ್ನು ಕೆಲಸಗಾರರು ಮುಸುಕು ಹಾಕಿಕೊಂಡು ಚೀಲಗಳಲ್ಲಿ ತುಂಬಿ ಒಯ್ದರು. ಇಲ್ತಾ ರಜೆಯ ಮೇಲಿದ್ದಳು. ಮಾತಿನ ದನಿ ಅಷ್ಟಿಷ್ಟು ಮರಳಿತು, ಹಾಡಿನ ದನಿ ಮರಳಲಿಲ್ಲ. ಇಬ್ಬರೂ ಸಂಜೆ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುತ್ತಿದ್ದರು. ಇಲ್ತಾ ಸೈಲಾಳನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ತೋಳು ಹಿಡಿದು ನಡೆಯುತ್ತಿದ್ದಳು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸೈಲಾ ಫಲಕಗಳನ್ನು ಜೋಡಿಸುತ್ತಿದ್ದಾಗ ಅಪರಿಚಿತ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಶಿಕ್ಷಕರಾಗುವವರು ಪಾಠ ಮಾಡಿ ಕಲಿಯಲೆಂದು ವಿಶ್ವವಿದ್ಯಾಲಯವೇ ನಡೆಸುವ ಶಾಲೆಯಲ್ಲಿ ಒಂದನೇ ತರಗತಿಯ ಮೇಡಂ. ಹೆಸರು ಸಾನೆಲ್ಮಾ.

"ನೀವು ಬರೀರಿ ಅಂದಾಗ ಬರೆಯೋಕೆ ಹೆದರಿದೆ," ಎಂದಳು. "ನಂದಾಗಿದ್ರೆ ಸುಮ್ಮನಿರ್ತಿದ್ದೆ. ಮಕ್ಕಳದು."

"ಏನಾಗ್ತಿದೆ?"

"ಬಂದು ನೋಡ್ತೀರಾ? ನಾನು ಹೇಳಿದ್ರೆ ಯಾರೂ ನಂಬಲ್ಲ."

ಇಬ್ಬರೂ ಹೋದರು. ಆಟದ ಬಿಡುವಿನ ಹೊತ್ತು. ಬಣ್ಣಬಣ್ಣದ ಚಳಿಯುಡುಪು ತೊಟ್ಟ ಮಕ್ಕಳು ಹಿಮದ ಗುಡ್ಡದಿಂದ ಜಾರುತ್ತ ಕಿರುಚುತ್ತಿದ್ದವು. ಕೆನ್ನೆ ಕೆಂಪಾಗಿ, ಬಾಯಿಂದ ಹೊಗೆ ಬಿಡುತ್ತ. ಒಂದು ಮಗುವೂ ಕೆಮ್ಮುತ್ತಿರಲಿಲ್ಲ.

"ಚೆನ್ನಾಗೇ ಇದ್ದಾವಲ್ಲ," ಎಂದಳು ಸೈಲಾ.

"ಇಲ್ಲಿ ಚೆನ್ನಾಗಿರ್ತವೆ," ಎಂದಳು ಸಾನೆಲ್ಮಾ.

ಗಂಟೆ ಹೊಡೆಯಿತು. ಮಕ್ಕಳು ಬೂಟಿನ ಹಿಮ ಕೊಡವಿ ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಸಾನೆಲ್ಮಾ ಬಾಗಿಲು ಹಿಡಿದು ನಿಂತಳು. ಸೈಲಾ ಒಂದು ಸಲ ಹೊರಗಿನ ಗಾಳಿಯನ್ನು ಎದೆತುಂಬ ಎಳೆದುಕೊಂಡು ಮಕ್ಕಳ ಹಿಂದೆ ಒಳಗೆ ನಡೆದಳು.