ಅಪ್ಪಯ್ಯನ ಆಕ್ಚುವಲಿ

ಆಕ್ಚುವಲಿ ನಂಗೆ ಬ್ಯಾಡ ಮಾರಾಯ್ತಿ — ಮುಂದಿನ ಸೀಟಿನ ಹುಡುಗಿ ಕಡಲೆ ಚಾಚಿದ ಗೆಳತಿಗೆ ಅಂದದ್ದು ಕಿವಿಗೆ ಬಿದ್ದದ್ದೇ ಸೌಮ್ಯಶ್ರೀಗೆ ಮೈ ಉರಿಯಿತು, ಎಲ್ಲಿ ಹೋದರೂ ಇದೇ ಶಬ್ದ, ಬ್ರಹ್ಮಾವರದ ಶಾಲೆಯಲ್ಲಿ ಮಕ್ಕಳ ಬಾಯಲ್ಲಿ, ಈ ಕುಂದಾಪುರದ ಬಸ್ಸಿನಲ್ಲಿ, ಯಡ್ತರೆಯ ಮನೆಯಲ್ಲಿ ಅಪ್ಪಯ್ಯನ ಸೊಟ್ಟಗಾದ ಬಾಯಲ್ಲಿ — ಪಾರ್ಶ್ವವಾಯು ಅಪ್ಪಯ್ಯ ಭೋಜರಾಜ ಶೆಟ್ಟರ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಹೊತ್ತುಕೊಂಡು ಹೋಗುವಾಗ ಇದೊಂದನ್ನು ಬಿಟ್ಟು ಹೋಗಿತ್ತು, ಬೊಂಬಾಯಿ ಹೋಟೆಲಿನ ಗಲ್ಲಾದಲ್ಲಿ ಕೂತು ಆಕ್ಚುವಲಿ ಇಡ್ಲಿ ಮುಗಿಯಿತು, ಆಕ್ಚುವಲಿ ಟೇಬಲ್ ಖಾಲಿ ಇಲ್ಲ ಅಂದು ಅಂದು ನಾಲಗೆಗೆ ಅಂಟಿದ್ದು, ಈಗ ನೀರು ಬೇಕಾದರೂ ಆಕ್ಚುವಲಿ, ಮಗ್ಗುಲು ನೊಂದರೂ ಆಕ್ಚುವಲಿ. ನಿನ್ನೆ ಅಣ್ಣ ಉಲ್ಲಾಸ ಮಂಚದ ಬದಿ ಬಗ್ಗಿ, ಅಪ್ಪಯ್ಯ, ನನ್ನೊಟ್ಟಿಗೆ ಬೊಂಬಾಯಿಗೆ ಹೋಪನಾ ಅಂದ, ಅಪ್ಪಯ್ಯನದು ಆಕ್ಚುವಲಿ, ಎಡಗೈ ಹೊದಿಕೆಯಿಂದ ಹೊರಗೆ ಬಂತು, ಚಳಿಯಾದೀತೆಂದು ಇವಳು ಒಳಗಿಟ್ಟಳು, ಅಣ್ಣ ಇವಳ ಕಡೆ ತಿರುಗಿ, ನೀ ಇಂಗ್ಲಿಷ್ ಟೀಚರ್ ಅಲ್ದಾ, ಅದ್ಕೆ ಎಂತ ಅರ್ಥ ಹೇಳ್ — ನಿಜವಾಗಿ ಅಂತ — ನಿಜವಾಗಿ ಅಂದ್ರೆ ಹೌದ್ ಅಂದಂಗೇ ಆಯ್ತಲೆ, ಅಂದವನೇ ಇವತ್ತಿನ ರೈಲಿಗೆ ಟಿಕೆಟು ಮಾಡಿಸಿದ. ಅಣ್ಣನದು ಕೆಟ್ಟ ಮನಸ್ಸಲ್ಲ, ಅಲ್ಲಿ ದೊಡ್ಡ ಡಾಕ್ಟರಿದ್ದಾರೆ, ತನಗೂ ಸ್ವಲ್ಪ ನಿದ್ದೆ — ಛೆ, ಅದೇಕೆ ಬಂತು ಆ ಯೋಚನೆ.

ಶಬ್ದದ ಬುಡ ಲ್ಯಾಟಿನ್ನಿನಲ್ಲಿ, ಆಕ್ಟಸ್, ಮಾಡುವುದು, ಮೊದಮೊದಲು ಬಾಯಲ್ಲಿ ಹೇಳಿದ್ದಲ್ಲ, ಮಾಡಿ ತೋರಿಸಿದ್ದು ಅಂತಲೇ ಅರ್ಥ, ಆಮೇಲೆ ನಿಜವಾಗಿ ಅಂತಾಯಿತು, ಈಗ ಎದುರಿನವರಿಗೆ ಬೇಸರವಾಗದ ಹಾಗೆ ಇಲ್ಲ ಅನ್ನುವ ಮೊದಲು ಹಾಕುವ ಮಣೆ, ಎಂಟನೇ ತರಗತಿಗೆ ಇವತ್ತೇ ಹೇಳಿಕೊಟ್ಟದ್ದು, ಮಣೆ ಹಾಕಿದ ಮೇಲೆ ಕೂರಲು ಒಂದು ಮಾತು ಬರಬೇಕಲ್ಲ, ಅಪ್ಪಯ್ಯನಿಗೆ ಅದೇ ಬರುವುದಿಲ್ಲ — ಫೋನು, ಅಣ್ಣನದು, ಸಾಮಾನ್ ಕಟ್ಟಿ ಆಯ್ತ್, ನೀ ಬೇಗ ಬಾ — ಮುಂದಿನ ಸೀಟಿನಲ್ಲಿ ಗೆಳತಿ ಕಡಲೆ ಪೊಟ್ಟಣ ಮತ್ತೆ ಚಾಚಿದಳು, ಹುಡುಗಿ ಅಂಗೈ ಅಡ್ಡ ಹಿಡಿದಳು, ಎಲೆಯ ಮುಂದೆ ಕೂತವರು ಬಡಿಸುವವನಿಗೆ ಬೇಡ ಅಂತ ಅಡ್ಡ ಹಿಡಿಯುವ ಹಾಗೆ, ಬಲಗೈ ಊಟದಲ್ಲಿದ್ದರೆ ಎಡಗೈ — ನಿನ್ನೆ ಅಪ್ಪಯ್ಯನ ಎಡಗೈ — ಐದೂ ಬೆರಳು ಬಿಡಿಸಿ, ಹೊದಿಕೆಯ ಮೇಲೆ ಗಾಳಿಯಲ್ಲಿ ಅಡ್ಡ, ಇವಳು ಒಳಗಿಟ್ಟಳು, ಮತ್ತೆ ಬಂತು, ಅಣ್ಣ ಒಳಗಿಟ್ಟ, ಮತ್ತೆ ಬಂತು, ಇಬ್ಬರೂ ಬಾಯನ್ನೇ ನೋಡುತ್ತಿದ್ದರು. ಕಿವಿಯಲ್ಲಿದ್ದ ಫೋನಿಗೇ ಅಂದಳು, ಅಣ್ಣ, ಟಿಕೆಟ್ ಬ್ಯಾಡ, ಅಪ್ಪಯ್ಯನ ಎಡಗೈ ಕಾಣ್, ಎಂತ ಮಾಡ್ತಿತ್ ಕಾಣ್ — ಅದಾ, ಒಂದೇ ಸಮ ಹೊರಗೆ ಬತ್ತಿತ್ತಲೆ, ರೈಲಲ್ಲಿ ತಾಗುದ್ ಬ್ಯಾಡ ಅಂದೇಳಿ ಈಗಷ್ಟೇ ಶಾಲಲ್ಲಿ ಸುತ್ತಿ ಕಟ್ಟಿದೆ — ಬಸ್ಸು ಓಡುತ್ತಿದೆ, ಶಾಲಿನೊಳಗೆ ಐದು ಬೆರಳು, ಬಿಡಿಸಿಕೊಂಡು, ಅಡ್ಡ