ಮೊಯ್ದಿನಬ್ಬ ಇನ್ನೂ ಬಂದಿಲ್ಲ

ನನ್ನ ಗಂಡನಿಗೆ ಯುರೋಪಿನ ಹುಚ್ಚು ಹಿಡಿಸಿದ್ದು ಒಬ್ಬ ಜರ್ಮನ್ ಮುದುಕ. ಅವನ ಮನೆ ಹಾಳಾಗಲಿ ಎಂದು ಎಷ್ಟೋ ಸಲ ಬೈದಿದ್ದೇನೆ. ಆದರೆ ಅವನ ಮನೆಗೆ ಚಕ್ರಗಳಿದ್ದವು, ನನ್ನ ಶಾಪ ತಲುಪುವಷ್ಟರಲ್ಲಿ ಅದು ಬೇರೆ ದೇಶಕ್ಕೆ ಹೋಗಿರುತ್ತಿತ್ತು.

ಆ ಮುದುಕ ಮತ್ತು ಅವನ ಹೆಂಡತಿ ತಮ್ಮ ಮೋಟಾರ್‌ಹೋಮನ್ನು ಹಡಗಿನಲ್ಲಿ ತಂದು ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಇಳಿಸಿಕೊಂಡಿದ್ದರಂತೆ. ಬಂದರಿನ ಹೊರಗೆ ಟಯರು ಪಂಕ್ಚರಾಗಿ ನಿಂತಿದ್ದಾಗ ನಮ್ಮವರು ಖಾಲಿ ಬಸ್ಸು ನಿಲ್ಲಿಸಿ ಸಹಾಯ ಮಾಡಿದರು. ಮುದುಕಿ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಆ ಶುಕ್ರವಾರ ಊರಿಗೆ ಫೋನು ಬಂದಾಗ ಬೇರೆ ಮಾತೇ ಇಲ್ಲ.

"ಒಳಗೆ ಗ್ಯಾಸ್ ಒಲೆ ಉಂಟು, ಮಂಚ ಉಂಟು, ಕಿಟಕಿಗೆ ಪರದೆ ಉಂಟು ಮಾರಾಯ್ತಿ. ಪೂರಾ ಒಂದು ಮನೆಗಾಡಿ. ಗಂಡ ಹೆಂಡ್ತಿ ಅಕ್ಕಪಕ್ಕ ಕೂತು ಹೋಗುದು. ರಿಟೈರ್ ಆದ ಮೇಲೆ ನಾವೂ ಹಾಗೆ ಯುರೋಪು ಸುತ್ತುವ."

"ಮೊದಲು ನನ್ನನ್ನು ಪಡುಬಿದ್ರಿ ಪೇಟೆ ಸುತ್ತಿಸಿ. ಯುರೋಪು ಮತ್ತೆ ನೋಡುವ" ಎಂದು ಫೋನು ಇಟ್ಟೆ. ಇಟ್ಟ ಮೇಲೆ ಅತ್ತೆ. ಅಕ್ಕಪಕ್ಕ ಎಂಬ ಮಾತೇ ಸಾಕಾಗಿತ್ತು ಅಳುವುದಕ್ಕೆ.

ಗಲ್ಫಿನವನ ಹೆಂಡತಿ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಗಂಡ ರಜೆಯಲ್ಲಿ ಬರುತ್ತಾನೆ. ಮೊದಲ ವಾರ ನೆಂಟನ ಹಾಗಿರುತ್ತಾನೆ, ಕಡೆಯ ವಾರ ಪ್ಯಾಕಿಂಗು. ನಡುವೆ ಉಳಿದದ್ದೇ ಸಂಸಾರ. ಬಸ್ ಡ್ರೈವರನ ಸಂಬಳಕ್ಕೆ ಫ್ಯಾಮಿಲಿ ವೀಸಾ ಯಾರು ಕೊಡುತ್ತಾರೆ? ನಾನು ಬೀಡಿ ಕಟ್ಟುತ್ತ, ಮಗಳು ಸಮೀಕ್ಷಾಳನ್ನು ಓದಿಸುತ್ತ, ಶುಕ್ರವಾರದ ಫೋನಿಗೆ ಕಾದೆ. ಕಾದು ಕಾದೇ ಮುದುಕಿಯಾದೆ.

ಇವರ ಹೆಸರು ಕೊರಗಪ್ಪ. ಬೆಳಿಗ್ಗೆ ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಜೆಬೆಲ್ ಅಲಿಯ ಗೋದಾಮಿಗೆ ಕೆಲಸಗಾರರನ್ನು ಒಯ್ಯುವುದು, ಸಂಜೆ ವಾಪಸು ತರುವುದು. ಮೂವತ್ತು ವರ್ಷ ಅದೇ ರಸ್ತೆ. ಆ ಬಸ್ಸಿಗೆ ಒಂದು ಕಟ್ಟಳೆ ಇತ್ತು. ಕಡೆಗೆ ಹತ್ತುವವನು ಹೊರಗಿನಿಂದ ಬಸ್ಸಿನ ಮೈಗೆ ಎರಡು ಸಲ ತಟ್ಟಿ "ಯಲ್ಲಾ" ಎನ್ನಬೇಕು, ಹೊರಡು ಎಂದು. ಅದು ಕೇಳುವವರೆಗೆ ಇವರು ಬಸ್ಸು ಬಿಡುತ್ತಿರಲಿಲ್ಲ. ಕಡೆಗೆ ಹತ್ತುವವನು ಯಾವಾಗಲೂ ಲೋಡಿಂಗಿನ ಮೊಯ್ದಿನಬ್ಬನೇ. ಸಂಜೆಯ ನಮಾಜು ಮುಗಿಸಿ ಓಡೋಡಿ ಬರುತ್ತಿದ್ದ. ಎಲ್ಲರೂ ಬಿಟ್ಟು ಹೋಗೋಣ ಎಂದರೂ ಇವರು ಜಗ್ಗುತ್ತಿರಲಿಲ್ಲ. "ಒಬ್ಬನನ್ನು ಬಿಟ್ಟು ಹೋದ್ರೆ ಅವ ರಾತ್ರಿ ಎಲ್ಲಿಗೆ ಹೋಗುದು?" ಎನ್ನುತ್ತಿದ್ದರು. ಹೆಂಡತಿಯನ್ನು ಬಿಟ್ಟು ಹೋದವರಿಗೆ ಮೊಯ್ದಿನಬ್ಬನ ಮೇಲೆ ಎಷ್ಟು ಕನಿಕರ ನೋಡಿ ಎಂದು ನಾನು ಚುಚ್ಚುತ್ತಿದ್ದೆ. ಆ ಮೊಯ್ದಿನಬ್ಬ ವೀಸಾ ಮುಗಿಸಿ ಊರಿಗೆ ಹೋಗಿ ಎಷ್ಟೋ ಕಾಲವಾಯಿತು.

ಸಮೀಕ್ಷಾ ನರ್ಸ್ ಆಗಿ ಅಬುಧಾಬಿಗೆ ಬಂದಳು. ಅಳಿಯ ಸುಜಿತ್ ಒಳ್ಳೆಯವನು, ನಮ್ಮಿಬ್ಬರಿಗೂ ಜೊತೆಗೇ ಉಳಿಯುವ ವೀಸಾ ಮಾಡಿಸಿದ. ಇವರು ರಿಟೈರಾಗಿ ಖಲೀಫಾ ಸಿಟಿಯ ಅವರ ಮನೆಗೆ ಬಂದರು, ನಾನು ಊರಿನಿಂದ ಬಂದೆ. ಹೀಗೆ ನಾವು ಒಂದೇ ಸೂರಿನಡಿ ಬಾಳತೊಡಗಿದ್ದು ಕೂದಲು ನೆರೆತ ಮೇಲೆ, ಅದೂ ಅಳಿಯನ ಮನೆಯಲ್ಲಿ. ಗೋಡೆಯಾಚೆ ಮಗಳು ಅಳಿಯ ಇರುವಾಗ ಮನಸ್ಸು ಬಿಚ್ಚಿ ಜಗಳ ಮಾಡಲಿಕ್ಕೂ ಆಗುವುದಿಲ್ಲ. ಆಗ ನನಗೂ ಆ ಮನೆಗಾಡಿ ಬೇಕೆನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ತಮಾಷೆಯನ್ನು ನಿಲ್ಲಿಸಿದೆ.

ಸುಜಿತ್ ಎಲ್ಲ ಏರ್ಪಾಡು ಮಾಡಿದ. ಜೂನ್ ತಿಂಗಳಿಗೆ ಜರ್ಮನಿಯಲ್ಲಿ ಗಾಡಿ. ನಾನು ಸ್ವೆಟರ್ ಕೊಂಡೆ, ತುರಿಮಣೆ ಕಟ್ಟಿಟ್ಟೆ. "ಮಾಮಿ, ಯುರೋಪಲ್ಲಿ ತೆಂಗಿನಕಾಯಿ ಎಲ್ಲಿ?" ಎಂದು ಅಳಿಯ ನಕ್ಕ. "ಕಾಯಿ ಸಿಕ್ಕಿ ತುರಿಮಣೆ ಇಲ್ಲದಿದ್ರೆ? ಆಗ ನಿನ್ನ ತಲೆ ತುರಿಯುದಾ?" ಎಂದೆ. ಇವರು ಬಿದ್ದು ಬಿದ್ದು ನಕ್ಕರು. ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತ ನನ್ನನ್ನು ಕೇಳಿದರು, "ನಿನ್ನ ವಿಸಿಟ್ ವೀಸಾ ಯಾವಾಗ ಮುಗೀತದೆ?"

"ಎಂಥ, ನನ್ನನ್ನು ಓಡಿಸ್ಲಿಕ್ಕೆ ಅಷ್ಟು ಅರ್ಜೆಂಟಾ?" ಎಂದೆ. ಇವರೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

ಯುರೋಪಿಗೆ ಹೋಗುವ ಮೊದಲು ಇಲ್ಲೇ ಒಮ್ಮೆ ಅಭ್ಯಾಸ ಆಗಲಿ ಎಂದು ಸುಜಿತ್ ಫೆಬ್ರವರಿಯಲ್ಲಿ ಒಂದು ಮನೆಗಾಡಿಯನ್ನು ಬಾಡಿಗೆಗೆ ತಂದ. ದುಬೈ ರಸ್ತೆಯಲ್ಲಿ ಗಂತೂತಿನ ಸಮುದ್ರದ ಬದಿಗೆ ಹೋಗಿ ಒಂದು ರಾತ್ರಿ ತಂಗುವುದು. ಅವರಿಬ್ಬರೂ ಡ್ಯೂಟಿ ಮುಗಿಸಿ ಕಾರಿನಲ್ಲಿ ಕೋಳಿ ಹಿಡಿದುಕೊಂಡು ಅಲ್ಲಿಗೇ ಬರುವುದೆಂದು ಮಾತಾಗಿತ್ತು. "ನಾನೂ ಗಾಡಿಯಲ್ಲೇ ಬರಲಾ ಮಾವ?" ಎಂದು ಅಳಿಯ ಕೇಳಿದ್ದಕ್ಕೆ ಇವರು "ಗಂಡ ಹೆಂಡ್ತಿ ಮಧ್ಯೆ ನೀನೆಂಥಕ್ಕೆ?" ಎಂದರು. ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ!

ಇವರು ಓಡಿಸುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಊರಿನಲ್ಲಿ ನಮಗೆ ಸೈಕಲ್ಲೂ ಇರಲಿಲ್ಲವಲ್ಲ. ಎಷ್ಟು ಚಂದ ಓಡಿಸುತ್ತಿದ್ದರು! ಬೆನ್ನು ನೆಟ್ಟಗೆ, ಕೈ ಹಗುರ. ಹಿಂದೆ ಡಬ್ಬಿಯಲ್ಲಿ ನನ್ನ ಚಮಚಗಳು ಕಿಣಿಕಿಣಿ ಎನ್ನುತ್ತಿದ್ದವು. ನಾನು ಪಕ್ಕದಲ್ಲಿ ಮಹಾರಾಣಿಯ ಹಾಗೆ ಕುಳಿತಿದ್ದೆ. ಇಷ್ಟು ಸುಖ ಪಟ್ಟರೆ ಯಾರದ್ದಾದರೂ ದೃಷ್ಟಿ ತಾಗೀತು ಎಂದು ಹೆದರಿಕೆಯೂ ಆಯಿತು.

ಗಂತೂತಿನ ಬೋರ್ಡು ಬಂತು, ಹೋಯಿತು. "ಓ, ತಿರುಗಬೇಕಿತ್ತಲ್ಲ?" ಎಂದೆ. ಇವರು ಅದೇ ವೇಗದಲ್ಲಿ ಮುಂದೆ ಹೋದರು. ಮುಂದೆ ಎಲ್ಲಿಯಾದರೂ ತಿರುಗಿಸುತ್ತಾರೆ ಎಂದು ಸುಮ್ಮನಾದೆ. ಅವರು ತಿರುಗಿಸಿದ್ದು ಜೆಬೆಲ್ ಅಲಿಯಲ್ಲಿ. ಸಾಲು ಸಾಲು ಗೋದಾಮುಗಳ ಮುಂದೆ ಹೋಗಿ, ಒಂದು ಗೇಟಿನ ಹೊರಗೆ, ಬಿಳಿ ಗೆರೆಗೆ ಸರಿಯಾಗಿ ಗಾಡಿ ನಿಲ್ಲಿಸಿದರು. ಜೇಬಿನಿಂದ ಒಂದು ಬಟ್ಟೆಯ ತುಂಡು ತೆಗೆದು ಸ್ಟೇರಿಂಗ್ ಒರೆಸಿದರು. ಹಳೇ ಜಾಗ ತೋರಿಸಲು ತಂದಿದ್ದಾರೆ ಎಂದುಕೊಂಡೆ.

"ಇದೇಯಾ ನಿಮ್ಮ ಗೇಟು? ನೋಡಿಯಾಯ್ತು, ಹೊರಡುವ. ಮಕ್ಕಳು ಅಲ್ಲಿ ಕಾಯ್ತಾರೆ."

ಇವರು ನನ್ನತ್ತ ತಿರುಗಿದರು. ಮರ್ಯಾದೆಯಿಂದ ಹೇಳಿದರು, "ಅಮ್ಮ, ನೀವು ಇಳಿಬೇಕಾಗ್ತದೆ. ಇದು ಕ್ಯಾಂಪಿನ ಬಸ್ಸು. ಲೇಡೀಸ್‌ಗೆ ಇಲ್ಲ."

ಮದುವೆಯಾದಂದಿನಿಂದ ನನ್ನನ್ನು ಒಮ್ಮೆಯೂ 'ನೀವು' ಎಂದವರಲ್ಲ. ಇಷ್ಟು ಮರ್ಯಾದೆ ಕೊಟ್ಟರೆ ಎದೆ ಒಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ತಮಾಷೆ ಇರಬೇಕು ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಕಣ್ಣು ಇವರದ್ದೇ, ಆದರೆ ಆ ಕಣ್ಣಿನಲ್ಲಿ ನಾನಿರಲಿಲ್ಲ.

"ಹೊರಡುವ ಅಂದೆ," ಎಂದೆ.

"ಹೇಗೆ ಹೊರಡುದು? ಮೊಯ್ದಿನಬ್ಬ ಇನ್ನೂ ಬರ್ಲಿಲ್ಲ."

ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದು, ಇಲ್ಲಿ ನಿಲ್ಲಿಸಬೇಡಿ ಎನ್ನಲು ಗಾಡಿಯ ಮೈಗೆ ಒಮ್ಮೆ ತಟ್ಟಿದ. ಇವರ ಕೈ ಫಟ್ಟನೆ ಕೀಗೆ ಹೋಯಿತು. ಕಿವಿಗೊಟ್ಟರು. ಎರಡನೆಯ ತಟ್ಟು ಬರಲಿಲ್ಲ. ಕೈ ಹಿಂದೆ ತೆಗೆದು, "ಒಂದೇ ಸಲ. ಅವನಲ್ಲ" ಎಂದರು.

ಎರಡು ತಟ್ಟು ಬಿದ್ದರೆ ಇವರು ಸಾವಿರ ಗಾಡಿಗಳ ನಡುವೆ ಮುಹೈಸ್ನಾಕ್ಕೆ ಹೊರಟುಬಿಡುತ್ತಾರೆ. ಓಡಿಹೋಗಿ ಸೆಕ್ಯುರಿಟಿಯವನ ಕೈ ಹಿಡಿದುಕೊಂಡೆ. ನನಗೆ ಬರುವ ಹರಕು ಹಿಂದಿಯಲ್ಲಿ, ತಬಿಯತ್ ಠೀಕಿಲ್ಲ, ಅಳಿಯ ಬರುತ್ತಾನೆ, ತಟ್ಟಬೇಡಪ್ಪ ಎಂದೆ. ಅವನು ನನ್ನ ಮುಖ ನೋಡಿ ದೂರ ಹೋಗಿ ನಿಂತ. ಸುಜಿತ್‌ಗೆ ಫೋನು ಮಾಡಿದೆ. ಹಿಂದಿನ ಬಾಗಿಲಿನಿಂದ ಹತ್ತಿ, ಏನು ಮಾಡಬೇಕೆಂದು ತಿಳಿಯದೆ, ಒಲೆ ಹಚ್ಚಿ ಚಹಾ ಇಟ್ಟೆ. ನಮ್ಮ ಮನೆಗಾಡಿಯಲ್ಲಿ ನಾನು ಮಾಡಿದ ಮೊದಲ ಚಹಾ ಅದು.

ಲೋಟ ಹಿಡಿದುಕೊಂಡು ಇವರು ಹೇಳಿದರು, "ನಿಮ್ಮ ಮಾತು ನೋಡಿದ್ರೆ ನಮ್ಮ ಊರಿನ ಕಡೆಯವರ ಹಾಗೆ ಕಾಣ್ತದೆ."

"ಹೌದು. ನಿಮಗೆ ಹೆಂಡ್ತಿ ಇಲ್ವಾ?" ಸಿಟ್ಟಿನಿಂದಲೇ ಕೇಳಿದೆ.

"ಉಂಟು, ಪಡುಬಿದ್ರಿಯಲ್ಲಿ. ಲೋಲಾಕ್ಷಿ ಅಂತ. ಭಾರೀ ಸಿಟ್ಟಿನವಳು." ನಕ್ಕರು. "ರಿಟೈರ್ ಆದ ಮೇಲೆ ಅವಳನ್ನು ಮನೆಗಾಡಿಯಲ್ಲಿ ಕರ್ಕೊಂಡು ಹೋಗ್ತೇನೆ ಅಂದಿದ್ದೇನೆ. ಅವಳು ನಂಬುದಿಲ್ಲ. ಪಾಪ, ಎಷ್ಟು ವರ್ಷ ಅಂತ ಒಬ್ಬಳೇ ಇರುದು?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಷ್ಟು ವರ್ಷ ಫೋನಿನಲ್ಲಿ ಒಮ್ಮೆಯೂ 'ಪಾಪ' ಎನ್ನದ ಈ ಮನುಷ್ಯ, ಈಗ ಯಾರೋ ಹೆಂಗಸಿನ ಹತ್ತಿರ ಹೇಳುತ್ತಿದ್ದಾರೆ. "ಅವಳು ನಂಬ್ತಾಳೆ" ಎಂದೆ. "ಹೌದಾ?" ಎಂದರು. ಮುಖ ಅರಳಿತು.

ಕಾರನ್ನು ಸಮೀಕ್ಷಾಳಿಗೆ ಬಿಟ್ಟು ಸುಜಿತ್ ಒಬ್ಬನೇ ಟ್ಯಾಕ್ಸಿಯಲ್ಲಿ ಬಂದ. ಅವನಿಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿ, "ರಿಲೀವರ್ ಬಂದಿದ್ದಾರೆ, ನಿಮ್ಮ ಡ್ಯೂಟಿ ಖಲಾಸ್" ಎಂದೆ. ಡ್ಯೂಟಿಯ ಮಾತನ್ನು ಇವರು ಎಂದೂ ಮೀರಿದವರಲ್ಲ. ಇಳಿದು, ಸೀಟನ್ನು ಬಟ್ಟೆಯಿಂದ ಒರೆಸಿಕೊಟ್ಟು, ಹಿಂದೆ ಕಿಟಕಿಯ ಬದಿಯ ಬೆಂಚಿನಲ್ಲಿ ಕುಳಿತರು. ಸುಜಿತ್ ಗಾಡಿ ಸ್ಟಾರ್ಟ್ ಮಾಡಿದ್ದೇ ತಡ, ಇವರು ಎದ್ದು ನಿಂತು ಕಿರುಚಿದರು.

"ಏ! ನಿಲ್ಸು! ಹೊಸಬನಾ ನೀನು? ಒಬ್ಬನನ್ನು ಬಿಟ್ಟು ಹೋಗ್ತೀಯಾ?"

ಬಾಗಿಲಿನತ್ತ ಧಾವಿಸಿದರು. ಸುಜಿತ್ ಎಂಜಿನ್ ಆರಿಸಿದ. "ಮಾಮಿ, ಎಂಥ ಮಾಡುದು?" ಎಂದ. ಆ ಹುಡುಗ ಅಳುತ್ತಿದ್ದ.

ಮಾಡುವುದು ಒಂದೇ ಇತ್ತು. ನಾನು ಕೆಳಗಿಳಿದೆ. ಯುರೋಪು ಮುಗಿಯಿತು ಎಂದು ನನಗೆ ಗೊತ್ತಿತ್ತು. ಜೂನ್ ಇಲ್ಲ, ಜರ್ಮನಿ ಇಲ್ಲ, ಅಕ್ಕಪಕ್ಕ ಇಲ್ಲ. ದೇವರೇ, ಇಷ್ಟು ಕಾಯಿಸಿದ್ದು ಇದಕ್ಕಾ? ನನ್ನ ಸಿಟ್ಟನ್ನೆಲ್ಲ ಅಂಗೈಗೆ ತಂದು ಆ ಗಾಡಿಯ ಮೈಗೆ ಹೊಡೆದೆ. ಮತ್ತೊಮ್ಮೆ ಹೊಡೆದೆ. ಕೈ ಚುರ್ರೆಂದಿತು.

"ಯಲ್ಲಾ!" ಎಂದು ಕೂಗಿದೆ.

ಹತ್ತಿ ಒಳಗೆ ಬಂದಾಗ ಇವರು ಕುಳಿತಿದ್ದರು. ನನ್ನನ್ನು ನೋಡಿ, ಇಡೀ ದಿನದ ಕೆಲಸ ಮುಗಿದವರ ಹಾಗೆ ಉಸಿರು ಬಿಟ್ಟರು.

"ಬಂದ್ಯಾ? ನಿನ್ನನ್ನು ಬಿಟ್ಟು ಹೋಗ್ಲಿಕ್ಕೆ ನೋಡಿದ್ರು. ನಾನು ಬಿಡ್ಲಿಲ್ಲ."

ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಾನು ಕುಳಿತೆ. ಆ ಮಾತನ್ನು ಮೊಯ್ದಿನಬ್ಬನಿಗೆ ಹೇಳಿದರೋ, ನನಗೆ ಹೇಳಿದರೋ, ನಾನು ಕೇಳಲಿಲ್ಲ.